ಪುಡಿ ಪಾಕೀಟು ಕೊಟ್ಟ ಡಾಕ್ಟರ ಪರವಾಗಿ

ಬೆಟಗೇರಿಯ ನಿವೃತ್ತ ಮಾಸ್ತರರೊಬ್ಬರು ಸಿಟ್ಟಿನಿಂದ ಪತ್ರ ಬರೆದಿದ್ದಾರೆ. ಅವರ 10 ತಿಂಗಳ ಮೊಮ್ಮಗನಿಗೆ ವಾಂತಿ-ಭೇದಿ. ಡಾಕ್ಟರು ನೋಡಿ, ಓಆರ್‌ಎಸ್ ಪಾಕೀಟು (ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಗ್ಲೂಕೋಸಿನ ಪುಡಿ), ಜಿಂಕ್ ಗುಳಿಗೆ ಕೊಟ್ಟು ಕಳಿಸಿದರಂತೆ. "ಸೂಜಿ ಇಲ್ಲ, ಸಲಾಯಿನ್ ಇಲ್ಲ, ಇದೆಂಥ ಉಪಚಾರ? ನಾವು ನೀರು ಕಾಯಿಸಿಯೇ ಕುಡಿಸುತ್ತೇವೆ, ಆದರೂ ಯಾಕೆ ಬಂತು?" ಎಂದು ಕೇಳಿದ್ದಾರೆ.

ಮಾಸ್ತರರೆ, ನಳದ ನೀರಿನ ಬಗ್ಗೆ ನೀವು ಬರೆದದ್ದು ಖರೆ. ದಿನಗಟ್ಟಲೆ ಕಾದು ಬ್ಯಾರಲ್ ತುಂಬಿಸಿಡುವ ಊರಿನಲ್ಲಿ ನೀರಿನ ಮೇಲೆ ಅನುಮಾನ ಸಹಜ. ಆದರೆ ಆ ಡಾಕ್ಟರನ್ನು ಬೈಯಬೇಡಿ. ಅವರು ಸರಿಯಾದದ್ದನ್ನೇ ಮಾಡಿದ್ದಾರೆ.

ಚಿಕ್ಕ ಮಕ್ಕಳ ಭೇದಿಗೆ ಬಹಳ ಸಲ ಕಾರಣ ವೈರಸ್. ರೋಟಾ, ನೊರೊ, ಅಡೆನೊ, ಆಸ್ಟ್ರೊ ಹೀಗೆ ಹಲವು. ಇವುಗಳಲ್ಲಿ ಜಾಸ್ತಿ ಕಾಡುವುದು ರೋಟಾ. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಜೊತೆಗಾರರು ಇದನ್ನು ಭೇದಿಯಾದ ಮಕ್ಕಳ ಕರುಳಿನಲ್ಲಿ ಕಂಡರು. ನೋಡಲು ಗಾಲಿಯ ಹಾಗೆ ಇರುವುದರಿಂದ ಆ ಹೆಸರು. ಲಸಿಕೆ ಬರುವ ಮೊದಲು, ಅಮೆರಿಕವಿರಲಿ ಅಣ್ಣಿಗೇರಿಯಿರಲಿ, ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿ ಮಗುವಿಗೂ ತಗಲುತ್ತಿತ್ತು. ಕೈ, ಆಟಿಗೆ, ಸೆರಗು, ಎಲ್ಲಿಂದಲೂ ಬಾಯಿಗೆ ಹೋಗುತ್ತದೆ. ನೀರು ಕಾಯಿಸಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಬಡ ದೇಶಗಳಲ್ಲಿ ಈ ಭೇದಿಯಿಂದ ಮಕ್ಕಳು ಸಾಯುವುದು ಮೈಯಲ್ಲಿನ ನೀರು, ಉಪ್ಪು ಹೋಗಿ. ಆ್ಯಂಟಿಬಯೋಟಿಕ್‌ನಿಂದ ವೈರಸ್ ಸಾಯುವುದಿಲ್ಲ.

ಇನ್ನು ಆ ಪುಡಿಯ ಮಾತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂಗಾಳದ ಬನಗಾಂವಿನ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದರು. ಸಲಾಯಿನ್ ಮುಗಿಯುತ್ತ ಬಂತು. ಡಾ. ದಿಲೀಪ್ ಮಹಲನಬೀಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ 20-30 ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಕರುಳು ಕೆಟ್ಟಿದ್ದರೂ ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪನ್ನೂ ಎಳೆದುಕೊಂಡು ಹೋಗುತ್ತದೆ, ಉಪ್ಪಿನ ಬೆನ್ನಿಗೆ ನೀರು. ಇಡೀ ಗುಟ್ಟು ಇಷ್ಟೇ.

ನನ್ನ ಸಣ್ಣ ಮಗಳಿಗೂ ಹೀಗೇ ಆಗಿತ್ತು, ಧಾರವಾಡದಲ್ಲಿ. ನೆತ್ತಿ ಒಳಗೆ ಕುಸಿದಿತ್ತು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಒಂದು ಚಮಚೆ ಹಾಕುವುದು, ಒಂದು ನಿಮಿಷ ಕಾಯುವುದು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚೆ. ರಾತ್ರಿಯಿಡೀ ನಾನು, ನನ್ನ ಹೆಂಡತಿ ಸರದಿಯಲ್ಲಿ ಕೂತೆವು. ಬೆಳಗಾಗುವ ಹೊತ್ತಿಗೆ ಉಚ್ಚೆ ಹೊಯ್ದು ಲಂಗೋಟಿ ಒದ್ದೆ ಮಾಡಿಕೊಂಡಳು. ಆ ಒದ್ದೆ ಬಟ್ಟೆ ಹಿಡಿದು ನನ್ನವ್ವ ಅತ್ತಳು.

ಪಕ್ಕದ ಮನೆಯವರು ಮಾತ್ರ ದೊಡ್ಡ ಪಾಕೀಟನ್ನೇ ಒಂದು ಗ್ಲಾಸಿಗೆ ಸುರಿದಿದ್ದರು. ಅದು ಅಪಾಯ, ಮಾಸ್ತರರೆ. ದೊಡ್ಡ ಪಾಕೀಟಿಗೆ ಪೂರ್ತಿ ಒಂದು ಲೀಟರ್ ನೀರು ಬೇಕು. ಎದೆಹಾಲು, ಗಂಜಿ ನಿಲ್ಲಿಸಬಾರದು. ಕೂಸು ಮಂಕಾದರೆ, ಏನೂ ಕುಡಿಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಬೇಕು. ಆಗ ಸಲಾಯಿನ್ ಬೇಕಾದರೆ ಅವರೇ ಹಚ್ಚುತ್ತಾರೆ.

ನನ್ನ ಸಂಕಟ ಬೇರೆ ಇದೆ. ಸೂಜಿ ಮಾಡದ ಡಾಕ್ಟರು ಡಾಕ್ಟರೇ ಅಲ್ಲ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ. ಅಗ್ಗದ್ದು ಅಂದರೆ ಕೀಳು ಅನ್ನುತ್ತೇವೆ. ಇದನ್ನೇ ನೋಡಿ ಕಂಪನಿಗಳು ಸಕ್ಕರೆ ತುಂಬಿದ ಪಾನೀಯದ ಡಬ್ಬಿಗಳ ಮೇಲೆ ಓಆರ್‌ಎಸ್ ಅಂತ ಬರೆದು ಮಾರಿದವು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರನ್ನು ಹಾಗೆ ಬಳಸಬಾರದು ಎಂದಿತು. ಅಷ್ಟರೊಳಗೆ ಎಷ್ಟು ತಾಯಂದಿರು ಅದನ್ನೇ ಔಷಧಿ ಅಂತ ನಂಬಿ ಕುಡಿಸಿದ್ದರೋ.

ಮೊಮ್ಮಗನ ಲಸಿಕೆಗಳನ್ನು ಬರೆದಿರುವ ತಾಯಿ ಕಾರ್ಡ್ ತೆಗೆದು ನೋಡಿ. 6, 10, 14ನೇ ವಾರಕ್ಕೆ ಬಾಯಿಗೆ ಹಾಕುವ ರೋಟಾ ಲಸಿಕೆ ಇದೆ, ಸರಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ. ಅದರಿಂದ ಎಲ್ಲ ಭೇದಿಯೂ ನಿಲ್ಲುವುದಿಲ್ಲ, ಜೀವಕ್ಕೆ ಕುತ್ತು ತರುವ ರೋಟಾ ಭೇದಿ ಬಹಳ ಕಡಿಮೆಯಾಗುತ್ತದೆ. ನಿಮ್ಮ ಓಣಿಯಲ್ಲಿ ಈಗ ಬಾಣಂತಿಯರಿದ್ದರೆ ಅವರಿಗೂ ಹೇಳಿ. ಮಾಸ್ತರರು ಹೇಳಿದರೆ ಕೇಳುತ್ತಾರೆ. ಭೇದಿ ನಿಂತರೂ ಜಿಂಕ್ ಗುಳಿಗೆ ಬಿಡಬೇಡಿ, 14 ದಿನ ಪೂರ್ತಿ ಕೊಡಿ. ಮೊಮ್ಮಗ ಹೇಗಿದ್ದಾನೆ ಅಂತ ಮುಂದಿನ ಪತ್ರದಲ್ಲಿ ತಪ್ಪದೆ ಬರೆಯಿರಿ.

— ಸಂಪಾದಕ