ಬದಿಯಡ್ಕದ ಬ್ಯಾಂಡಿಗೆ ಡೇಟನ್ನಿನ ಮಾಷ್ಟ್ರು

ಪ್ರಶ್ನೆ: ನಾನು ಎಲ್‌ಪಿ ಶಾಲೆಯಲ್ಲಿ ಕನ್ನಡ ಮಾಷ್ಟ್ರು. ನಾಲ್ಕು ಜನ ಸೇರಿ ಕನ್ನಡದಲ್ಲಿ ರಾಕ್ ಹಾಡು ಕಟ್ಟುತ್ತಿದ್ದೇವೆ. ಮಂಗಳೂರಿನ ಸ್ಟುಡಿಯೋಗೆ ಕೊಡಲು ದುಡ್ಡಿಲ್ಲ, ವಯಸ್ಸೂ ಮೂವತ್ತೈದು ಆಯಿತು. ಗೈಡೆಡ್ ಬೈ ವಾಯ್ಸಸ್ ಬ್ಯಾಂಡಿನ ಕತೆ ತಿಳಿದುಕೋ ಅಂತಾನೆ ಗೆಳೆಯ. ಯಾರವರು? ನಾನು ಕೆಲಸ ಬಿಡಲಾ?
– ಓದುಗ, ಬದಿಯಡ್ಕ

ಉತ್ತರ: ಕೆಲಸ ಈಗಲೇ ಬಿಡಬೇಡಿ. ಹಾಡನ್ನಂತೂ ಬಿಡಲೇಬೇಡಿ.

ಇವರು ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನವರು. 1983ರಲ್ಲಿ ಶುರುವಾದ ಬ್ಯಾಂಡ್. ಹಾಡು ಬರೆಯುವ ರಾಬರ್ಟ್ ಪೊಲಾರ್ಡ್ ನಿಮ್ಮ ಹಾಗೇ ಮಾಷ್ಟ್ರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಕೈಯಿಂದ ದುಡ್ಡು ಹಾಕಿ ಒಂದರ ಹಿಂದೆ ಒಂದು ಆಲ್ಬಂ ತಂದರು, ಕೇಳುವವರು ಮಾತ್ರ ಬೆರಳೆಣಿಕೆಯಷ್ಟು. ಇನ್ನು ಸಾಕು, ಇದೇ ಕೊನೆ ಅಂದುಕೊಂಡು 1992ರಲ್ಲಿ 'ಪ್ರೊಪೆಲ್ಲರ್' ಮಾಡಿದರು. 500 ಪ್ರತಿ. ಬ್ಯಾಂಡಿನವರು, ಗೆಳೆಯರು ಎಲ್ಲಾ ಕೂತು ಒಂದೊಂದು ಕವರನ್ನೂ ಕೈಯಲ್ಲೇ ಮಾಡಿದರು, ಒಂದರಂತೆ ಇನ್ನೊಂದಿಲ್ಲ. ಅದೇ ರೆಕಾರ್ಡ್ ಕ್ಲೀವ್‌ಲೆಂಡಿನ ಸ್ಕ್ಯಾಟ್ ಎಂಬ ಸಣ್ಣ ಕಂಪನಿಯವರ ಕಿವಿಗೆ ಬಿತ್ತು, ಬಾಗಿಲು ತೆರೆಯಿತು. ಪೊಲಾರ್ಡ್ ಶಾಲೆ ಬಿಟ್ಟದ್ದು 1994ರಲ್ಲಿ, 36ನೇ ವಯಸ್ಸಿನಲ್ಲಿ. ಹಾಡು ಕೈಹಿಡಿದ ಮೇಲೆ ಕೆಲಸ ಬಿಟ್ಟರು, ಅದಕ್ಕೆ ಮೊದಲು ಅಲ್ಲ.

ಅದೇ ವರ್ಷ ಬಂದ 'ಬೀ ಥೌಸಂಡ್' ಕೇಳಿ. ಹೆಚ್ಚಿನದನ್ನು ಮನೆಯಲ್ಲೇ, ಕ್ಯಾಸೆಟ್ ಹಾಕುವ ನಾಲ್ಕು ಟ್ರ್ಯಾಕಿನ ಮಷೀನಿನಲ್ಲಿ, ಅಂದರೆ ಹಾಡು, ಗಿಟಾರ್, ಡ್ರಮ್ ಹೀಗೆ ನಾಲ್ಕು ಸದ್ದನ್ನು ಒಂದೇ ಟೇಪಿನಲ್ಲಿ ಬೇರೆಬೇರೆಯಾಗಿ ಹಿಡಿಯುವ ಮಷೀನಿನಲ್ಲಿ ಹಿಡಿದದ್ದು. ಅಂಥ ಮಷೀನಿನಲ್ಲಿ ಮೂರು ಟ್ರ್ಯಾಕ್ ತುಂಬಿದರೆ ಅವನ್ನು ಸೇರಿಸಿ ನಾಲ್ಕನೆಯದಕ್ಕೆ ಇಳಿಸಬೇಕು, ಆಗ ಮೂರು ಖಾಲಿಯಾಗುತ್ತವೆ, ಆದರೆ ಪ್ರತಿ ಸಲವೂ ಟೇಪಿನ ಸುಯ್ ಸದ್ದು ಜಾಸ್ತಿಯಾಗುತ್ತದೆ. ಮೊದಲ ಹಾಡಿನಲ್ಲೇ ಗಿಟಾರ್ ನಡುವೆ ಮಾಯವಾಗಿ ಮತ್ತೆ ಬರುತ್ತದೆ. ಅದನ್ನವರು ತಿದ್ದಲಿಲ್ಲ. ನನಗೆ ಆ ಜಾಗ ತುಂಬಾ ಇಷ್ಟ.

ಆಮೇಲೆ 1999ರಲ್ಲಿ ದೊಡ್ಡ ನಿರ್ಮಾಪಕರನ್ನು ಇಟ್ಟುಕೊಂಡು ನುಣುಪಾದ ಆಲ್ಬಂ ಮಾಡಿದರು, ಅದು ನನ್ನ ಮನಸ್ಸಿಗೆ ಅಷ್ಟು ಹತ್ತಲಿಲ್ಲ. 2004ರ ಡಿಸೆಂಬರ್ 31ರಂದು ಷಿಕಾಗೋದಲ್ಲಿ ಕೊನೆಯ ಕಾರ್ಯಕ್ರಮ ಅಂತ ಮುಗಿಸಿದರು, 2010ರಲ್ಲಿ ಮತ್ತೆ ಸೇರಿದರು, ನಡುವೆ ಇನ್ನೊಮ್ಮೆ ನಿಂತು ಪುನಃ ಎದ್ದರು. ಈಗ ಆಲ್ಬಂಗಳು 40 ದಾಟಿವೆ.

ನಿಮ್ಮ ಕೈಯಲ್ಲಿರುವ ಫೋನು ಆ ಮಷೀನಿಗಿಂತ ಎಷ್ಟೋ ಮೇಲು. ಮತ್ತೆ ಸ್ಟುಡಿಯೋಗೆ ಯಾಕೆ ಕಾಯುವುದು? ಫೋನನ್ನು ಡ್ರಮ್ಮಿನಿಂದ ದೂರ, ಹಾಡುವವರ ಹತ್ತಿರ ಇಡಿ, ಪದ ಕೇಳಿಸಬೇಕು ಅಲ್ವಾ. ಹಂಚಿನ ಮೇಲೆ ಆಟಿಯ ಮಳೆ ಬಡಿಯುವ ಸದ್ದು ಸೇರಿಕೊಂಡರೆ ಸೇರಲಿ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಬರೆದ ರಾಕ್ ಹಾಡು ನಮ್ಮ ಮಕ್ಕಳ ಕಿವಿಗೆ ಬೀಳಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಪ್ರಶ್ನೆ: ಇದೇ ಬ್ಯಾಂಡಿನ ಒಂದು ಆಲ್ಬಂನಲ್ಲಿ 28 ಹಾಡಿದೆಯಂತೆ. ಹೇಗೆ ಸಾಧ್ಯ?
– ಓದುಗಿ, ಮಂಜೇಶ್ವರ

ಉತ್ತರ: ನಿಜ. 1995ರ 'ಏಲಿಯನ್ ಲೇನ್ಸ್', 28 ಹಾಡು, ಒಟ್ಟು 41 ನಿಮಿಷ. ಕೆಲವು ಹಾಡು ಅರ್ಧ ನಿಮಿಷವೂ ಇಲ್ಲ. ಒಳ್ಳೆಯ ರಾಗದ ತುಂಡೊಂದು ಹೊಳೆದರೆ ಅಷ್ಟನ್ನೇ ಹಾಡಿ ಮುಂದಿನದಕ್ಕೆ ಹೋಗುತ್ತಾರೆ, ಸುಮ್ನೆ ಪಲ್ಲವಿಯನ್ನು ನಾಲ್ಕು ಸಲ ಎಳೆಯುವುದಿಲ್ಲ. ಒಮ್ಮೆ ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಕೇಳಿ, ಬಿಡಿಬಿಡಿಯಾಗಿ ಕೇಳಿದರೆ ಅದರ ರುಚಿ ಸಿಗುವುದಿಲ್ಲ.