ಹೆಸರಿನಿಂದಲೇ ಶುರು ಮಾಡಿ

ಯೂನಿವರ್ಸಿಟಿಯ ಬುಕ್ ಕ್ಲಬ್‌ನಲ್ಲಿ ಹಾಸ್ಯಗಾರ ಟ್ರೆವರ್ ನೋವಾ ಅವರ ಆತ್ಮಕಥೆ ‘ಬಾರ್ನ್ ಎ ಕ್ರೈಮ್’ (ಹುಟ್ಟೇ ಅಪರಾಧ) ಚರ್ಚೆ ನಡೆಸಬೇಕು, ಬೇರೆ ಬೇರೆ ದೇಶದವರು ಸುಮ್ಮನೆ ಕೂತರೆ ಏನು ಮಾಡಲಿ ಎಂದು ಕೇಳಿದ್ದೀರಿ. ಪುಸ್ತಕದ ಹೆಸರಿನಿಂದಲೇ ಶುರು ಮಾಡಿ. ಅದು ಸುಮ್ನೆ ಇಟ್ಟ ಹೆಸರಲ್ಲ. ಅವರು ಹುಟ್ಟಿದ್ದು 1984ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. ತಾಯಿ ಖೋಸಾ ಎಂಬ ಕಪ್ಪು ಸಮುದಾಯದವರು, ತಂದೆ ಸ್ವಿಟ್ಜರ್ಲೆಂಡಿನ ಬಿಳಿಯರು. ಅಂಥ ಸಂಬಂಧವನ್ನೇ ಅಪರಾಧ ಎಂದ 1927ರ ಕಾನೂನು ಪುಸ್ತಕದ ಆರಂಭದಲ್ಲೇ ಅಚ್ಚಾಗಿದೆ. ಯಾರಾದರೂ ಅದನ್ನು ಗಟ್ಟಿಯಾಗಿ ಓದಲಿ.

ಆಮೇಲೆ ಭಾಷೆಯ ಪ್ರಸಂಗ. ನೋವಾ ಅವರನ್ನು ದೋಚಲು ಬಂದ ಹುಡುಗರು ಅಲ್ಲಿನ ಜುಲು ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಇವರು ಅದೇ ಭಾಷೆಯಲ್ಲಿ ತಿರುಗಿ ಮಾತಾಡಿ ಪಾರಾಗುತ್ತಾರೆ! ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆ ಆಡಿ ಬೆಳೆದವರು ಎಲ್ಲ ದೇಶದಲ್ಲೂ ಇರುತ್ತಾರೆ, ಅಲ್ವಾ? ನಮ್ಮ ಬೆಂಗಳೂರಿನವರಿಗಂತೂ ಹೇಳುವುದೇ ಬೇಡ. ಇಲ್ಲಿ ಮಾತು ತಾನಾಗಿ ಬರುತ್ತದೆ.

ಒಂದು ಮಾತ್ರ ಮಾಡಬೇಡಿ. ದಕ್ಷಿಣ ಆಫ್ರಿಕಾದ ವಿದ್ಯಾರ್ಥಿ ಇದ್ದರೆ ‘ನಿಮ್ಮಲ್ಲಿ ಹೀಗೇನಾ?’ ಎಂದು ಕೇಳಬೇಡಿ. ಅರವಿಂದ ಮಾಲಗತ್ತಿಯವರ ದಲಿತ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ಇಂಗ್ಲಿಷಿನಲ್ಲಿ ಓದಿದ ದಿನ ನಮ್ಮ ಗುಂಪು ಪೂರ್ತಿ ನನ್ನ ಕಡೆ ತಿರುಗಿತ್ತು. ಒಂದು ಗಂಟೆ ಜಾತಿಯ ಬಗ್ಗೆ ಪಾಠ ಮಾಡಿದ್ದೇ ಆಯಿತು. ಪುಸ್ತಕ ತೆರೆಯಲೇ ಇಲ್ಲ.

ಪುಟ ತೋರಿಸಿಯೇ ಮಾತಾಡಬೇಕು ಎಂದು ಮೊದಲೇ ಹೇಳಿಬಿಡಿ. ತಿಂಡಿ ಸ್ವಲ್ಪ ಜಾಸ್ತಿಯೇ ಇರಲಿ.