ಅಪ್ಪನ ರಕ್ತ ಶ್ರಾವಣದಲ್ಲಿ ಎಲ್ಲಿಗೆ ಹೋಗುತ್ತದೆ?

ಮುಂಬೈ ಪಕ್ಕದ ಡೊಂಬಿವಲಿಯಿಂದ ಒಬ್ಬರು ಪತ್ರ ಬರೆದಿದ್ದಾರೆ. ವಯಸ್ಸು 41, ಫೋರ್ಟ್‌ನಲ್ಲಿ ಲೆಕ್ಕಪತ್ರದ ಕೆಲಸ. ರಾತ್ರಿ ಲೋಕಲ್ ಇಳಿದು ಮನೆ ಸೇರಿದರೆ ದಿನಾ ನಾಲ್ಕು ಪೆಗ್. ಅವರ ಅಪ್ಪ ಕುಡಿದು ಕುಡಿದು ಲಿವರ್ ಕೆಟ್ಟು ತೀರಿಕೊಂಡರಂತೆ. 'ಹುಟ್ಟುಗುಣ ಸುಟ್ಟರೂ ಹೋಗದು, ನಿನ್ನದು ಅಪ್ಪನ ರಕ್ತ' ಎಂದು ಸೋದರತ್ತೆ ಚಿಕ್ಕಂದಿನಿಂದ ಹೇಳುತ್ತಲೇ ಬಂದಿದ್ದಾರೆ. ಈಗ ಇವರ ಪ್ರಶ್ನೆ: 'ರಕ್ತದಲ್ಲೇ ಬಂದದ್ದಕ್ಕೆ ನಾನು ಹೇಗೆ ಹೊಣೆ? 11 ವರ್ಷದ ಮಗನಿಗೂ ಬರುತ್ತದಾ? ಜೀನ್ ಟೆಸ್ಟ್ ಮಾಡಿಸಲೇ?'

ಕೊನೆಯಲ್ಲಿ ಒಂದು ಸಾಲು ತೂರಿಸಿದ್ದೀರಿ. 'ಶ್ರಾವಣದಲ್ಲಿ ಮಾತ್ರ ಮುಟ್ಟುವುದಿಲ್ಲ, ಅದು ಬಿಡಿ.'

ಬಿಡುವುದು ಹೇಗೆ ಮಹಾರಾಯರೇ? ಇಡೀ ಪತ್ರದಲ್ಲಿ ನನಗೆ ಬೇಕಾದದ್ದು ಅದೊಂದೇ. ಆಷಾಢದ ಅಮಾವಾಸ್ಯೆಗೆ ನಮ್ಮ ಕಡೆ ಭೀಮನ ಅಮಾವಾಸ್ಯೆ ಅಂತ ಹೆಂಡತಿ ಗಂಡನ ಪಾದಪೂಜೆ ಮಾಡುತ್ತಾಳೆ. ಮುಂಬೈನಲ್ಲಿ ಅದೇ ದಿನ ಗಟಾರಿ ಅಂತ ಗಂಡ ಕಂಠಪೂರ್ತಿ ಕುಡಿಯುತ್ತಾನೆ. (ಎರಡೂ ಒಂದೇ ಮನೆಯಲ್ಲಿ ನಡೆದರೆ ಹೇಗಿರುತ್ತದೆ, ನಿಮ್ಮ ಮನೆಯವರನ್ನೇ ಕೇಳಿ.) ಮಾರನೇ ದಿನದಿಂದ ಒಂದು ತಿಂಗಳು ಬಾಟಲಿ ಕಪಾಟಿನಲ್ಲಿ. ಅಪ್ಪನ ರಕ್ತ ಆಗ ರಜೆ ಹಾಕಿ ಊರಿಗೆ ಹೋಗಿರುತ್ತದಾ?

ರಕ್ತದ ಮಾತು ಪೂರ್ತಿ ಸುಳ್ಳಲ್ಲ. ಕುಡಿತದ ಚಟಕ್ಕೆ ಕೆಲವರು ಬೀಳುತ್ತಾರೆ, ಕೆಲವರು ಬೀಳುವುದಿಲ್ಲ. ಈ ವ್ಯತ್ಯಾಸದಲ್ಲಿ ಸುಮಾರು 50 ಪರ್ಸೆಂಟ್ ಜೀನ್‌ಗಳ ಪಾಲು ಅಂತ ಅವಳಿಗಳ ಅಧ್ಯಯನಗಳು ಹೇಳುತ್ತವೆ. ಆದರೆ ಅದು ದೊಡ್ಡ ಗುಂಪಿನ ಲೆಕ್ಕ. ನಿಮ್ಮ ನಾಲ್ಕು ಪೆಗ್‌ನಲ್ಲಿ ಎರಡು ಅಪ್ಪನವು ಅಂತ ಅಲ್ಲ. ಕುಡುಕತನಕ್ಕೆ ಅಂತ ಒಂದೇ ಜೀನ್ ಕೂಡ ಇಲ್ಲ. ನೂರಾರು ಸೇರಿ ಕೆಲಸ ಮಾಡುತ್ತವೆ, ಒಂದೊಂದರದೂ ಚೂರು ಪಾಲು. ಮಗ ಮುಂದೆ ಕುಡಿಯುತ್ತಾನಾ ಇಲ್ಲವಾ ಅಂತ ಯಾವ ಟೆಸ್ಟೂ ಹೇಳುವುದಿಲ್ಲ. ದುಡ್ಡು ಉಳಿಸಿ.

'ನಾಲ್ಕು ಪೆಗ್ ಆದರೂ ಸ್ಟೆಡಿ ಇರ್ತೀನಿ' ಅಂತ ಜಂಬದಿಂದ ಬರೆದಿದ್ದೀರಲ್ಲ, ಅಪ್ಪನಿಂದ ಬಂದದ್ದು ಬಹುಶಃ ಅದೇ. ಬೇಗ ಅಮಲೇರದವನಿಗೆ 'ಸಾಕು' ಅಂತ ಮೈ ಹೇಳುವುದೇ ಇಲ್ಲ. ಮುಂದೆ ಚಟಕ್ಕೆ ಬೀಳುವವರಲ್ಲಿ ಇಂಥವರೇ ಜಾಸ್ತಿ.

ಇನ್ನು ನಿಮ್ಮ ಸೋದರತ್ತೆ. ಗಾದೆ ಹೇಳುವ ನೆಂಟರ ಮೇಲೆ ನನಗೆಷ್ಟು ಸಿಟ್ಟು ಅಂತ ಈ ಅಂಕಣ ಓದುವವರಿಗೆಲ್ಲ ಗೊತ್ತು. ಚಿಕ್ಕ ಹುಡುಗನಿಗೆ ಹಣೆಬರಹ ಓದಿ ಹೇಳಿ, ನಲವತ್ತಕ್ಕೆ ಬೇಕಾದ ನೆಪವನ್ನೂ ಆಗಲೇ ಕಟ್ಟಿಕೊಟ್ಟ ಪುಣ್ಯಾತ್ಗಿತ್ತಿ! ಅಪ್ಪನಿಗೆ ಸೋಡಾ ತರಲು ನಿಮ್ಮನ್ನೇ ಅಂಗಡಿಗೆ ಓಡಿಸುತ್ತಿದ್ದರು ಅಂತಲೂ ಬರೆದಿದ್ದೀರಿ. ಆ ಹುಡುಗನನ್ನು ನೆನೆದರೆ ನನಗೆ ಕರುಳು ಚುರ್ ಅನ್ನುತ್ತದೆ. 41ರ ಗಂಡಸಿನ ಬಗ್ಗೆ ಅಷ್ಟೇನಿಲ್ಲ. ಯಾಕೆಂದರೆ ಈಗ ಫ್ರಿಜ್‌ನಿಂದ ಐಸ್ ತಂದು ಕೊಡುವುದು ನಿಮ್ಮ ಮಗ.

ಈ ಶನಿವಾರ ಡಾಕ್ಟರ ಹತ್ತಿರ ಹೋಗಿ. ಪರೇಲಿನ ಕೆಇಎಂ ಆಸ್ಪತ್ರೆಯ ಮನೋರೋಗ ವಿಭಾಗವಾದರೂ ಸರಿ. ಪೆಗ್ ಲೆಕ್ಕ ಸುಳ್ಳು ಹೇಳಬೇಡಿ. ಕುಡಿಯದ ದಿನ ಕೈ ನಡುಗುವುದು, ಬೆವರುವುದು ಇದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರು ಹೇಳಿದ ಹಾಗೆ ಮಾಡಿ.

ಆದರೆ ಶನಿವಾರದ ತನಕ ಕಾಯಲಾಗದ್ದು ಒಂದಿದೆ. ಇವತ್ತು ರಾತ್ರಿ ಐಸ್ ಬೇಕೆನಿಸಿದರೆ ಮಗನನ್ನು ಕರೆಯಬೇಡಿ. ನೀವೇ ಎದ್ದು ಹೋಗಿ.